ಹಿಮಕ್ಕೆ ಶಬ್ದ ಉಂಟಾ?

ಮಲ್ಪೆ

ದುಬೈಗೆ ಹೋಗಿ ಬಂದವನು ಆ ಎತ್ತರದ ಕಟ್ಟಡದ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು ಎಂಬ ಕಟ್ಟಳೆ ಇದ್ದರೆ ಓದುಗರು ನನ್ನನ್ನು ಮನ್ನಿಸಬೇಕು. ಅದನ್ನು ನಾನು ಕಾರಿನ ಕಿಟಕಿಯಿಂದ ನೋಡಿದೆ. ತುದಿ ಕಾಣಲಿಲ್ಲ, ಕುತ್ತಿಗೆ ಉಳುಕಿತು, ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ನಾನು ಹೇಳಹೊರಟಿರುವುದು ಹಿಮದ ಸಂಗತಿ. ಮರುಭೂಮಿಗೆ ಹೋಗಿ ಬಂದು ಹಿಮದ ಕತೆಯಾ ಎಂದು ನಗಬೇಡಿ. ಜೊತೆಗೆ ನಗುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ನಾನು ಮಲ್ಪೆ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ಮೀನಿನ ಬೋಟುಗಳಿಗೆ ಮಂಜುಗಡ್ಡೆ ತುಂಬಿಸುವುದರಲ್ಲೇ ನನ್ನ ಆಯುಸ್ಸು ಕರಗಿತು. ಐಸ್ ಎಂದರೆ ನನಗೆ ಗದ್ದಲ. ಕಂಪ್ರೆಸರ್ ಹಗಲಿರುಳು ಗುಡುಗುತ್ತದೆ, ಡಬ್ಬದಿಂದ ಗಡ್ಡೆ ಜಾರಿ ಧಡ್ಡೆಂದು ಬೀಳುತ್ತದೆ, ಅದನ್ನು ಪುಡಿ ಮಾಡುವ ಕ್ರಷರಿನ ಸದ್ದಿಗೆ ಹಲ್ಲಿನ ಬೇರು ಅಲುಗುತ್ತದೆ. ಅಲ್ಲಿ ಕೂಗಿ ಕೂಗಿ ನನ್ನ ಗಂಟಲು ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಈಗ ಅದು ಉಪಯೋಗಕ್ಕೆ ಬಂದಿದೆ, ಏಕೆಂದರೆ ನನ್ನ ಹೆಂಡತಿ ವಾರಿಜಳಿಗೆ ಕಿವಿ ಕೇಳುವುದಿಲ್ಲ.

ಬಲಕಿವಿ ಪೂರ್ತಿ ಮುಚ್ಚಿದೆ. ಎಡಕಿವಿಗೆ ಮಿಷನ್ ಹಾಕಿದರೆ ಅಷ್ಟಿಷ್ಟು ಕೇಳುತ್ತದೆ. ತೆಗೆದರೆ ಪಕ್ಕದಲ್ಲಿ ಮಿಕ್ಸಿ ಓಡಿದರೂ ಅವಳಿಗೆ ತಿಳಿಯದು. ಉಡುಪಿಯ ಡಾಕ್ಟರು ಕಳೆದ ವರ್ಷ, "ಎಡದ್ದೂ ಇಳಿಯುತ್ತಾ ಉಂಟು ಅಮ್ಮ. ಕೇಳಲಿಕ್ಕೆ ಇರುವುದನ್ನೆಲ್ಲ ಈಗಲೇ ಕೇಳಿ ಮುಗಿಸಿ" ಎಂದು ಅರ್ಧ ತಮಾಷೆಯಲ್ಲಿ ಹೇಳಿದರು. ಡಾಕ್ಟರ ತಮಾಷೆಯನ್ನು ಇವಳು ಪಾಠದ ಹಾಗೆ ಮನಸ್ಸಿಗೆ ತೆಗೆದುಕೊಂಡಳು. ಯಕ್ಷಗಾನವೋ ಭಜನೆಯೋ ಕೇಳಬೇಕೆನ್ನುತ್ತಾಳೆ ಎಂದು ನಾನು ಕಾದರೆ, ವಾಪಸು ಬರುವ ಬಸ್ಸಿನಲ್ಲಿ ಕುಳಿತವಳೇ ಹೇಳಿದಳು: "ನನಗೆ ಹಿಮ ಬೀಳುವ ಶಬ್ದ ಕೇಳಬೇಕು."

ಅದಕ್ಕೊಂದು ಹಿನ್ನೆಲೆ ಇದೆ. ವಾರಿಜ ಮಲ್ಪೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದಳು. ಋತುಗಳ ಪಾಠ ಮಾಡುವಾಗ ಶೈಲಾ ಎಂಬ ಹುಡುಗಿ ಎದ್ದು ನಿಂತು, "ಟೀಚರ್, ಮಳೆ ಬಂದ್ರೆ ಹಂಚಿನ ಮೇಲೆ ಶಬ್ದ ಬರ್ತದೆ. ಹಿಮ ಬಿದ್ರೆ ಶಬ್ದ ಉಂಟಾ?" ಎಂದು ಕೇಳಿದ್ದಳಂತೆ. ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಇವಳು ಏನೋ ಒಂದು ಹೇಳಿ ಕೂರಿಸಬಹುದಿತ್ತು, "ತಿಳಿದು ಹೇಳ್ತೇನೆ" ಎಂದುಬಿಟ್ಟಳು. ಆ ಶೈಲಾ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಇವತ್ತಿಗೂ ರವಿಕೆಯ ಅಳತೆ ತೆಗೆಯುವಾಗ, "ಟೀಚರ್, ಹಿಮದ್ದು ಗೊತ್ತಾಯ್ತಾ?" ಎಂದು ಕಿಚಾಯಿಸುತ್ತಾಳೆ. ಅವಳಿಗೆ ಅದು ನಗೆ. ಇವಳಿಗೆ ಮಾತು ಕೊಟ್ಟು ಉಳಿಸಿಕೊಳ್ಳದ ಸಂಕಟ.

"ಶಬ್ದ ಬರದೆ ಎಂತ ಮಾರಾಯ್ತಿ? ಐಸ್ ಅಲ್ಲವಾ ಅದು? ಧಡಧಡ ಬೀಳ್ತದೆ" ಎಂದು ನಾನು ತೀರ್ಪು ಕೊಟ್ಟಿದ್ದೆ.

"ನಿಮ್ಮ ಐಸ್ ಬೇರೆ, ಹಿಮ ಬೇರೆ. ನೀವು ಸುಮ್ಮನಿರಿ."

ಇವಳ ಬಿ.ಪಿ.ಗೆ ಹಿಮಾಲಯ ಆಗದು ಎಂದು ಡಾಕ್ಟರೇ ತಡೆದಿದ್ದರು. ಆಗ ಮಗಳು ಶ್ರುತಿ ದುಬೈಯಿಂದ ಫೋನ್ ಮಾಡಿ, "ಅಮ್ಮಾ, ಇಲ್ಲಿ ಮಾಲಿನ ಒಳಗೇ ಹಿಮ ಬೀಳ್ತದೆ, ಬನ್ನಿ" ಎಂದಳು. ಹೀಗೆ ಮಾರ್ಚ್ ತಿಂಗಳ ಸೆಕೆಯಲ್ಲಿ ನಾವಿಬ್ಬರೂ ಮಂಗಳೂರಿನಿಂದ ವಿಮಾನ ಹತ್ತಿದೆವು, ಹಿಮ ಕೇಳಲಿಕ್ಕೆ.

ಕರಾಮ

ಶ್ರುತಿಯ ಮನೆ ದುಬೈಯ ಕರಾಮ ಎಂಬ ಬಡಾವಣೆಯಲ್ಲಿ. ಹಳೆಯ ಕಾಲದ ಸಣ್ಣ ಕಟ್ಟಡ, ಕೆಳಗೆ ನಮ್ಮವರದೇ ಹೋಟೆಲು. ಬೆಳಿಗ್ಗೆ ಬನ್ಸ್ ಕರಿಯುವ ವಾಸನೆಗೆ ಎಚ್ಚರವಾದರೆ, ಇಷ್ಟು ದೂರ ಹಾರಿ ಬಂದದ್ದು ಉಡುಪಿಗೇ ಎಂದು ಅನುಮಾನ ಬರುತ್ತದೆ. ಅಳಿಯ ಪ್ರಶಾಂತ ಒಳ್ಳೆಯವನು, ಮಾತು ಕಡಿಮೆ. ಮೊಮ್ಮಗಳು ಇಶಾ ನಾವು ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಜ್ಜಿಗೆ ಕೇಳಿಸದು ಎಂದು ಗೊತ್ತಾದ ಮೇಲೆ ಅವಳ ಎಡಗಡೆಯೇ ಕೂರುವುದನ್ನು ತಾನಾಗಿ ರೂಢಿ ಮಾಡಿಕೊಂಡಳು. ಅಷ್ಟು ಸಾಕು ನನಗೆ.

"ನಾಳೆಯೇ ಹಿಮಕ್ಕೆ ಹೋಗುವ" ಎಂದು ಬಂದ ದಿನ ಶ್ರುತಿ ಹೇಳಿದಳು. ಆ ನಾಳೆ ಬರಲೇ ಇಲ್ಲ.

ಕರಾವಳಿಯವರು ಗಲ್ಫಿನಲ್ಲಿ ನಡೆಸಿಕೊಂಡು ಬಂದ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ಊರಿನಿಂದ ಯಾರೇ ಬಂದರೂ ಪರಿಚಯದ ಪ್ರತಿ ಮನೆಗೂ ಹೋಗಿ ಊಟ ಮಾಡಬೇಕು. ಒಂದು ಮನೆಗೆ ಹೋಗಿ ಇನ್ನೊಂದು ಮನೆ ಬಿಟ್ಟರೆ ಬಿಟ್ಟವರಿಗೆ ಬೇಜಾರು, ಆ ಬೇಜಾರು ಫೋನಿನಲ್ಲಿ ಊರಿಗೆ ತಲುಪಿ ಮದುವೆ ಮುಂಜಿಯಲ್ಲಿ ನಮ್ಮ ಮುಂದೆ ಬಂದು ನಿಲ್ಲುತ್ತದೆ. ನಾವು ಬಂದಿಳಿದ ಸುದ್ದಿ ನಮಗಿಂತ ಮೊದಲೇ ಕರಾಮ ಮುಟ್ಟಿತ್ತು. ಸಂಜೆಯಾದರೆ ಒಂದೊಂದು ಮನೆ. ಅದೇ ಸೋಫಾ, ಅದೇ ಚಾ, "ಊರಲ್ಲಿ ಸೆಕೆಯಾ?" ಎಂಬ ಅದೇ ಪ್ರಶ್ನೆ, ಕೋಳಿಸಾರಿನ ಜೊತೆ ಕೋರಿರೊಟ್ಟಿ, ಮೇಲಿಂದ ನೀರ್ದೋಸೆ, "ಎಂತ, ಏನೂ ತಿನ್ನಲೇ ಇಲ್ಲ ನೀವು!" ಎಂಬ ಆಕ್ಷೇಪ. ಹೊರಡುವಾಗ ಊರಿನ ಅತ್ತೆಗೆ ಕೊಡಲಿಕ್ಕೆ ಒಂದು ಪಾರ್ಸೆಲು. ನಮ್ಮ ಪೆಟ್ಟಿಗೆ ಬರುವಾಗಲೇ ಹಪ್ಪಳ ಉಪ್ಪಿನಕಾಯಿಯಿಂದ ಬಿರಿದಿತ್ತು, ಈಗ ಹಾಲಿನ ಪುಡಿ, ಖರ್ಜೂರದಿಂದ ಮತ್ತೆ ಉಬ್ಬಿತು. ಅವರ ಪ್ರೀತಿಗೆ ಕುಂದಿಲ್ಲ. ನನ್ನ ಹೊಟ್ಟೆಗೂ ಸೊಂಟಕ್ಕೂ ಮಾತ್ರ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ವಾರಿಜಳ ಕಷ್ಟ ಬೇರೆಯೇ. ಹತ್ತು ಜನ ಒಟ್ಟಿಗೆ ಮಾತಾಡಿದರೆ ಮಿಷನ್ ಎಲ್ಲವನ್ನೂ ಕಲಸಿ ಒಂದೇ ಕಲರವ ಮಾಡಿ ಕಿವಿಗೆ ಸುರಿಯುತ್ತದೆ. ಅವಳು ನಗುನಗುತ್ತಾ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಒಂದು ಮನೆಯಲ್ಲಿ ಯಾರೋ ತೀರಿಹೋದ ಸುದ್ದಿಗೂ ನಗುತ್ತಾ ತಲೆಯಾಡಿಸಿದಳು. ಕಾರಿನಲ್ಲಿ ನಾನು ವಿಷಯ ಹೇಳಿದಾಗ ಅವಳ ಮುಖ ಸಣ್ಣದಾಯಿತು. ಮನೆಗೆ ಬಂದು ಮಿಷನ್ ತೆಗೆದಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು.

ದೇರಾ

ದುಬೈಯ ಹಳೆ ಪೇಟೆ ದೇರಾಕ್ಕೆ ಹೋದದ್ದು ಅಬ್ದುಲ್ಲಾಕನನ್ನು ನೋಡಲು. ಒಂದು ಕಾಲದಲ್ಲಿ ನಮ್ಮ ಪ್ಲಾಂಟಿನಿಂದ ಮೀನಿನ ಲಾರಿಗೆ ಐಸ್ ಒಯ್ಯುತ್ತಿದ್ದ ಉಳ್ಳಾಲದ ಬ್ಯಾರಿ, ಈಗ ಅಲ್ಲಿ ಅವರದು ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಬೆಳಿಗ್ಗೆ ಅವರ ಅಂಗಡಿ, ಮಧ್ಯಾಹ್ನ ಅಲ್ಲಿಂದಲೇ ಹಿಮ ಎಂದು ಲೆಕ್ಕ ಹಾಕಿಕೊಂಡಿದ್ದೆವು. ಮೆಟ್ರೋ ಇಳಿದು ಮೇಲೆ ಬಂದರೆ ಆಕಾಶ ಅರಸಿನ ಬಳಿದ ಹಾಗೆ ಕಾಣುತ್ತಿತ್ತು. ನೋಡನೋಡುತ್ತಿದ್ದಂತೆ ಗಾಳಿ ಎದ್ದಿತು. ಮರಳು ಕಣ್ಣಿಗೆ, ಮೂಗಿಗೆ, ಬಾಯಿಗೆ. ವಾರಿಜ ಎಡಕಿವಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಓಡಿದಳು. ಮಿಷನ್ನಿಗೆ ಧೂಳು ಹೊಕ್ಕರೆ ಅಲ್ಲಿಗೆ ಕತೆ ಮುಗಿಯಿತು.

"ಯಲ್ಲಾ ಯಲ್ಲಾ, ಒಳಗೆ ಬನ್ನಿ!" ಎಂದು ಅಬ್ದುಲ್ಲಾಕ ಶಟರ್ ಅರ್ಧ ಎಳೆದು ನಮ್ಮನ್ನು ಒಳಗೆ ಸೇರಿಸಿಕೊಂಡರು. ಚಾ ಬಂತು. ನಮ್ಮ ಕಾರ್ಯಕ್ರಮ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಹಿಮ ನೋಡ್ಲಿಕ್ಕೆ ಟಿಕೆಟ್ಟಾ? ನಿಮ್ಮ ಪ್ಲಾಂಟಿನ ಅಂಗಳದಲ್ಲಿ ನಾನು ಜಾರಿ ಬಿದ್ದದ್ದೆಷ್ಟು ಸಲ! ಆಗ ಟಿಕೆಟ್ ಕೇಳಿದ್ರಾ ನೀವು?"

"ಇವಳಿಗೆ ಬೀಳುವ ಹಿಮ ಬೇಕಂತೆ, ಅಬ್ದುಲ್ಲಾಕ. ಬಿದ್ದದ್ದು ಆಗುವುದಿಲ್ಲವಂತೆ."

"ಟೀಚರಮ್ಮಾ," ಎಂದು ಅವರು ಅವಳ ಎಡಗಡೆಗೆ ಬಗ್ಗಿ ಜೋರಾಗಿ ಹೇಳಿದರು, "ಇಷ್ಟು ವರ್ಷ ಐಸಿನವನ ಜೊತೆ ಸಂಸಾರ ಮಾಡಿದ್ದೀರಿ, ನಿಮಗೆ ಚಳಿ ಸಾಕಾಗಲಿಲ್ವಾ?"

ಅವಳಿಗೆ ಪೂರ್ತಿ ಕೇಳಿಸಿತು, ಜೋರಾಗಿ ನಕ್ಕಳು. ಆ ನಗು ನೋಡಿ ನನಗೆ ಸಮಾಧಾನವಾಯಿತು. ಗಾಳಿ ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ. ಅಬ್ದುಲ್ಲಾಕನ ಮನೆಯಲ್ಲಿ ಬಿರಿಯಾನಿ ತಿಂದು, ಒಂದು ಪಾರ್ಸೆಲು ಹಿಡಿದು, ಹಿಂದಿರುಗಿದೆವು.

ಮಳೆ ಬಂದ ದಿನ

ಮತ್ತೆ ಹೊರಟ ದಿನ ಮಳೆ ಬಂತು. ಅಲ್ಲಿನವರು ಮಳೆಯನ್ನು ನೋಡುವುದು ನಾವು ಗ್ರಹಣ ನೋಡುವ ಹಾಗೆ. ಆಫೀಸಿನವರೆಲ್ಲ ಕಿಟಕಿಗೆ ಬಂದು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ನಮ್ಮ ಕಡೆ ಜೂನಿನಲ್ಲಿ ಒಂದು ಗಂಟೆ ಸುರಿಯುವಷ್ಟೂ ಸುರಿದಿರಲಿಲ್ಲ, ಕರಾಮದ ರಸ್ತೆಯಲ್ಲಿ ನೀರು ನಿಂತು ಕಾರುಗಳು ತೇಲುವ ಸ್ಥಿತಿಗೆ ಬಂದವು. ನೀರು ಹೋಗಲು ಚರಂಡಿ ಬೇಕಲ್ಲ ಸ್ವಾಮಿ! ಇಶಾಳ ಶಾಲೆ ಕಂಪ್ಯೂಟರಿನೊಳಗೆ ಬಂದು ಕುಳಿತಿತು. ಪ್ರಶಾಂತ ಕಾರು ತೆಗೆಯುವ ಮಾತೇ ಇರಲಿಲ್ಲ.

ನಾನು ಗಾಜಿನ ಕಿಟಕಿಯ ಹತ್ತಿರ ನಿಂತಿದ್ದೆ. ವಾರಿಜ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ನಿಂತು, "ಅಯ್ಯೋ, ಮಳೆ ಬರ್ತಾ ಉಂಟಾ!" ಎಂದಳು. ಎಷ್ಟೋ ಹೊತ್ತಿನಿಂದ ಬರುತ್ತಿತ್ತು. ಅಲ್ಲಿಯ ಕಿಟಕಿಗಳಿಗೆ ದಪ್ಪ ಗಾಜು, ನನಗೂ ಸದ್ದು ಕೇಳಿಸಿರಲಿಲ್ಲ. ಆದರೂ ಕಿಟಕಿ ತೆರೆದೆ. ಮಳೆಯ ಸದ್ದು ಒಳಗೆ ನುಗ್ಗಿತು.

"ಈಗ?" ಎಂದೆ.

ಅವಳು ತಲೆ ವಾಲಿಸಿ ಬಹಳ ಹೊತ್ತು ನಿಂತಳು. "ಕೇಳ್ತದೆ. ದೂರದಲ್ಲಿ ಯಾರೋ ಅಕ್ಕಿ ಗೇರಿದ ಹಾಗೆ" ಎಂದಳು. ಮಳೆ ಬರುತ್ತಿದ್ದುದು ಅವಳ ಮೂಗಿನಿಂದ ಒಂದು ಮೊಳ ಆಚೆ.

ನನಗೆ ಹೆದರಿಕೆಯಾಯಿತು. ಹಿಮದ ಹುಚ್ಚು ಇವಳದು, ನಾನು ಜೊತೆಗೆ ಪೆಟ್ಟಿಗೆ ಹೊರಲು ಬಂದವನು ಎಂದು ಅಲ್ಲಿಯವರೆಗೆ ಗೊಣಗುತ್ತಿದ್ದೆ. ಆ ಹೊತ್ತಿನಿಂದ ಅದು ನನ್ನ ಕೆಲಸವೂ ಆಯಿತು. ಇವಳು ಆ ಶಬ್ದ ಕೇಳಿಯೇ ಊರಿಗೆ ಹೋಗಬೇಕು.

ಖಾಲಿದಿಯಾಕ್ಕೆ ಹೇಳಿದ ಸುಳ್ಳು

ಉಳಿದದ್ದು ಕೊನೆಯ ಶನಿವಾರ. ಅದೇ ದಿನ ಅಬುಧಾಬಿಯ ಖಾಲಿದಿಯಾದಲ್ಲಿ ವಾರಿಜಳ ದೊಡ್ಡಮ್ಮನ ಮಗ ಜಯಂತಣ್ಣನ ಮನೆಯಲ್ಲಿ ನಮಗೆ ಊಟ. ಅದನ್ನು ಬಂದ ದಿನವೇ ಒಪ್ಪಿಕೊಂಡಾಗಿತ್ತು.

"ಅಪ್ಪಾ, ಅದನ್ನು ತಪ್ಪಿಸ್ಲಿಕ್ಕೆ ಆಗುದಿಲ್ಲ. ಜಯಂತ ಮಾವ ಇಪ್ಪತ್ತು ಜನರನ್ನು ಕರೆದಿದ್ದಾರೆ" ಎಂದಳು ಶ್ರುತಿ.

"ಇಪ್ಪತ್ತು ಜನ ಇದ್ದಾರಲ್ಲ, ಊಟ ಹಾಳಾಗುದಿಲ್ಲ ಬಿಡು. ನಿನ್ನ ಅಮ್ಮನಿಗೆ ಜ್ವರ ಅಂತ ಹೇಳ್ತೇನೆ."

"ಸುಳ್ಳಾ?"

"ಹೌದು, ಸುಳ್ಳೇ. ನನಗೆ ಸುಸ್ತಾಗಿದೆ ಮಗಾ. ಇನ್ನೊಂದು ಸೋಫಾದಲ್ಲಿ ಕೂರಲಿಕ್ಕೆ ನನ್ನಿಂದ ಆಗುದಿಲ್ಲ."

ಜಯಂತಣ್ಣನಿಗೆ ಫೋನ್ ಮಾಡಿ ಜ್ವರ ಎಂದೆ. "ಛೆ ಛೆ, ಅವಳು ಮಲಗಲಿ ಮಾರಾಯ್ರೆ, ಊಟ ಎಲ್ಲಿ ಹೋಗ್ತದೆ" ಎಂದರು ಪಾಪ. ನಾನು ದೊಡ್ಡ ಯುದ್ಧ ಗೆದ್ದವನ ಹಾಗೆ ಅಂಗಿ ಹಾಕಿಕೊಂಡೆ. ಜ್ವರ ಎಂದರೆ ನಮ್ಮವರು ಏನು ಮಾಡುತ್ತಾರೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಹಿಮದ ಮನೆ

ಮಾಲಿನೊಳಗೆ ಸೀರೆ ಅಂಗಡಿ, ಚಪ್ಪಲಿ ಅಂಗಡಿ ದಾಟಿ ಹೋದರೆ ದೊಡ್ಡ ಗಾಜಿನ ಆಚೆ ಒಂದು ಬಿಳಿ ಗುಡ್ಡ. ಬಾಗಿಲಿನಲ್ಲಿ ಒಂದು ಫಲಕ. ಹೊರಗೆ ಎಷ್ಟು ಸೆಕೆ, ಒಳಗೆ ಎಷ್ಟು ಚಳಿ, ಇವತ್ತಿನ ಹಿಮ ಹೇಗಿದೆ, ಗಾಳಿ ಉಂಟೋ ಇಲ್ಲವೋ ಎಂದೆಲ್ಲ ಬರೆದಿದ್ದಾರೆ. ಒಂದು ಕೋಣೆಗೆ ಹವಾಮಾನ ವರದಿ! ಗಾಳಿ ಇಲ್ಲ ಎಂದಿತ್ತು. ನಾಲ್ಕು ಗೋಡೆ ಕಟ್ಟಿ ಸೂರು ಹೊದಿಸಿದ ಮೇಲೆ ಗಾಳಿ ಎಲ್ಲಿಂದ ಬರಬೇಕು?

ಬಾಡಿಗೆಯ ಕೋಟು, ಬೂಟು ಕೊಟ್ಟರು. ವಾರಿಜ ಸೀರೆಯನ್ನು ಮೇಲೆ ಕಟ್ಟಿ ಪ್ಯಾಂಟು ಏರಿಸಿ, ಅದರ ಮೇಲೆ ನೀಲಿ ಕೋಟು ತೊಟ್ಟು, ಬೆಳಿಗ್ಗೆ ಕರಾಮದಲ್ಲಿ ಕೊಂಡ ಶಂಕರಪುರ ಮಲ್ಲಿಗೆಯನ್ನು ಟೊಪ್ಪಿಯೊಳಗೆ ಸಿಕ್ಕಿಸಿದಳು. "ಐಸಿನಲ್ಲಿ ನಡೆಯುವುದು ಹೇಗೆ ಅಂತ ನನ್ನನ್ನು ನೋಡಿ ಕಲಿಯಿರಿ" ಎಂದು ಎಲ್ಲರಿಗಿಂತ ಮುಂದೆ ಹೊರಟವನು ನಾನು. ಮೊದಲ ಹೆಜ್ಜೆಗೇ ಎರಡೂ ಕಾಲು ಆಕಾಶಕ್ಕೆ ಹೋಗಿ ಬೆನ್ನ ಮೇಲೆ ಬಿದ್ದೆ. ಇಶಾ ಓಡಿಬಂದು, "ಅಜ್ಜಾ, ಆರ್ ಯು ಓಕೆ?" ಎಂದಳು. ಶ್ರುತಿ ಮೊದಲು ನಕ್ಕು ಆಮೇಲೆ ಎಬ್ಬಿಸಿದಳು.

ಹಿಮದ ಸ್ಥಿತಿ ಫಲಕದಲ್ಲಿ ಬರೆದಷ್ಟು ಚೆನ್ನಾಗಿರಲಿಲ್ಲ. ಶಾಲೆಗೆ ರಜೆ, ಮಕ್ಕಳ ಜಾತ್ರೆ. ತುಳಿದು ತುಳಿದು ಕೆಳಗಿನ ಹಿಮ ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕರಗಿ ಮತ್ತೆ ಗಟ್ಟಿಯಾಗಿ, ನಮ್ಮ ಪ್ಲಾಂಟಿನ ನೆಲದ ಹಾಗೇ ಆಗಿತ್ತು. ಮೇಲಿನ ಇಳಿಜಾರಿನಲ್ಲಿ ಕಾಲಿಗೆ ಉದ್ದನೆಯ ಜಾರುಪಟ್ಟಿ ಕಟ್ಟಿಕೊಂಡವರು ಸುಯ್ಯೆಂದು ಇಳಿಯುತ್ತಿದ್ದರು. ಬೀಳುವ ಹಿಮ ಎಲ್ಲೂ ಕಾಣಲಿಲ್ಲ. ಅಲ್ಲಿ ನಿಂತಿದ್ದ ಕೆಲಸಗಾರನನ್ನು ಕೇಳಿದೆ. ಐವತ್ತರ ಆಸುಪಾಸಿನ ನೇಪಾಳಿ. ಹಿಮವನ್ನು ನಿಜವಾಗಿ ತಯಾರಿಸುವುದು ರಾತ್ರಿ, ಜನ ಹೋದ ಮೇಲೆ. ಹಗಲು ಆಗಾಗ ಆ ಮೂಲೆಯಲ್ಲಿ ಸ್ವಲ್ಪ ಬೀಳಿಸುತ್ತೇವೆ, ಕಾಯಿರಿ ಎಂದು ಹಿಂದಿಯಲ್ಲಿ ಹೇಳಿದ.

ಕಾಯುತ್ತಾ ನಿಂತಾಗ ಶ್ರುತಿಯ ಫೋನು ಬಡಿದುಕೊಳ್ಳಲು ಸುರುವಾಯಿತು. ಶ್ರುತಿ ಕೇಳಿಸಿಕೊಂಡು ಬಿಳಿಚಿಕೊಂಡಳು.

"ಅಪ್ಪಾ, ಜಯಂತ ಮಾವ ಎಲ್ಲರಿಗೂ ಹೇಳಿದ್ದಾರೆ. ಮೂರು ಮನೆಯವರು ಗಂಜಿ ತಕ್ಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಜಯಂತ ಮಾವನೂ ಊಟ ಮುಗಿಸಿ ಹೊರಟಿದ್ದಾರಂತೆ!"

"ಡಾಕ್ಟರ ಹತ್ತಿರ ಹೋಗಿದ್ದಾರೆ ಅಂತ ಹೇಳು."

"ಯಾವ ಡಾಕ್ಟರು ಅಂತ ಕೇಳಿ ಅಲ್ಲಿಗೂ ಬರ್ತಾರೆ!"

ಅಷ್ಟರಲ್ಲಿ ಮೂಲೆಯ ಸೂರಿನಲ್ಲಿ ಏನೋ ಮಿಣುಕಿತು. ಸಂಗೀತ ಜೋರಾಯಿತು. ಗೋಡೆಯ ಮೇಲಿನ ಯಂತ್ರ ಗುರ್ರೆಂದು ಎದ್ದು ನಮ್ಮ ಕಂಪ್ರೆಸರನ್ನೂ ನಾಚಿಸುವ ಹಾಗೆ ಅರಚತೊಡಗಿತು. ಮಕ್ಕಳು ಕಿರಿಚಿದರು. ಬೆಳಕಿನಲ್ಲಿ ಬಿಳಿಯ ಪುಡಿ ಇಳಿಯತೊಡಗಿತು. ವಾರಿಜ ಎರಡೂ ಕೈ ಚಾಚಿ ಮುಖ ಮೇಲೆತ್ತಿದಳು. ಟೊಪ್ಪಿ ಮಿಷನ್ನಿಗೆ ಒತ್ತಿ ಅದು ಕುಂಯ್ ಎಂದು ಕೂಗುತ್ತಿದ್ದುದು ನನಗೂ ಕೇಳಿಸಿತು. ಅವಳ ಮುಖ ಕಿವುಚಿತು. ಸಂಗೀತ, ಯಂತ್ರ, ಕಿರುಚಾಟ, ಕುಂಯ್. ಈ ಸಂತೆಯಲ್ಲಿ ಹಿಮದ ಶಬ್ದ ಹುಡುಕುವುದೆಲ್ಲಿ? ಇಷ್ಟು ದೂರ ಬಂದು, ಇಷ್ಟು ಸೋತು, ಸುಳ್ಳೂ ಹೇಳಿ, ಕೊನೆಗೆ ಇದಕ್ಕಾ! ನನಗೆ ಅಳುವೇ ಬಂತು. ಯಂತ್ರ ನಿಲ್ಲಿಸಿ ಎಂದು ನೇಪಾಳಿಯ ಕಡೆ ಕೈಬೀಸಿ ಕೂಗಿದೆ. ನನ್ನ ಪ್ಲಾಂಟಿನ ಗಂಟಲೂ ಅಲ್ಲಿ ಕೇಳಿಸಲಿಲ್ಲ.

ವಾರಿಜ ಟೊಪ್ಪಿ ತೆಗೆದಳು. ಮಿಷನ್ ಕಳಚಿ ಇಶಾಳ ಕೈಗೆ ಕೊಟ್ಟಳು. ಮತ್ತೆ ಕೈ ಚಾಚಿ ನಿಂತಳು. ಅವಳ ಮಲ್ಲಿಗೆಯ ಮೇಲೆ, ರೆಪ್ಪೆಯ ಮೇಲೆ, ಬರಿಯ ಅಂಗೈ ಮೇಲೆ ಹಿಮ ಬೀಳುತ್ತಿತ್ತು. ಅವಳು ಅಂಗೈಯನ್ನೇ ನೋಡುತ್ತಿದ್ದಳು, ಮಕ್ಕಳ ಸ್ಲೇಟು ನೋಡುವಾಗಿನ ಮುಖ. ಆಮೇಲೆ ನನ್ನ ಕಡೆ ತಿರುಗಿ, ಕಿವಿ ಕೇಳದವರು ಕೂಗುವ ಹಾಗೆ ಕೂಗಿದಳು:

"ಶಬ್ದ ಇಲ್ಲ!"

ನಿನಗೆ ಮಿಕ್ಸಿಯೇ ಕೇಳುವುದಿಲ್ಲ, ಹಿಮ ಕೇಳೀತಾ ಎಂದು ಬಾಯಿಯವರೆಗೆ ಬಂತು. ಅವಳು ನನ್ನ ಕೈಗವಸು ಎಳೆದು ತೆಗೆದು ನನ್ನ ಅಂಗೈಯನ್ನು ತನ್ನ ಅಂಗೈ ಪಕ್ಕ ಹಿಡಿದಳು.

"ನೋಡಿ. ಮಳೆ ಹನಿ ಆದ್ರೆ ಕೈಗೆ ಬಡಿತದೆ. ಇದು ಬಂದದ್ದೇ ಗೊತ್ತಾಗುದಿಲ್ಲ, ಬಡಿಯುದೇ ಇಲ್ಲ. ಬಡಿಯದ್ದಕ್ಕೆ ಶಬ್ದ ಎಲ್ಲಿಂದ ಬರ್ಬೇಕು?"

ನಾನು ನೋಡಿದೆ. ಹೌದು, ಬಡಿಯಲಿಲ್ಲ. ಅಂಗೈ ಮೇಲೆ ಬಿಳಿ ಬಂದು ಕುಳಿತಿತ್ತು, ಯಾವಾಗ ಬಂತೋ. ನನ್ನ ಕೈ ಎಷ್ಟು ಟನ್ ಐಸ್ ಮುಟ್ಟಿರಬಹುದು, ಇಷ್ಟು ಮೆತ್ತಗಿನದ್ದನ್ನು ಮುಟ್ಟಿರಲಿಲ್ಲ. ಯಂತ್ರ ನಿಂತ ಮೇಲೆ ನೇಪಾಳಿಯನ್ನು ಕರೆದು ಕೇಳಿದೆ, ನಿಮ್ಮ ಊರಿನಲ್ಲಿ ಹಿಮ ಬೀಳುವಾಗ ಶಬ್ದ ಉಂಟಾ? ಅವನು ನಕ್ಕ. "ಇಲ್ಲ ಬಾಬೂಜಿ. ರಾತ್ರಿ ಬಿದ್ದದ್ದು ಬೆಳಿಗ್ಗೆ ಬಾಗಿಲು ತೆರೆದಾಗಲೇ ಗೊತ್ತಾಗುವುದು."

ಆ ಗದ್ದಲದ ಮನೆಯಲ್ಲಿ ನಿಂತ ಅಷ್ಟೂ ಜನರ ಪೈಕಿ ಹಿಮವನ್ನು ಕೇಳಿಸಿಕೊಂಡವಳು ನನ್ನ ಹೆಂಡತಿ ಒಬ್ಬಳೇ. ನೇಪಾಳಿಯ ಮಾತನ್ನು ಅವಳಿಗೆ ಹೇಳಬೇಕೆಂದು ತಿರುಗಿದರೆ, ಅವಳು ಆಗಲೇ ಇಶಾಳಿಂದ ಫೋನು ಹಿಡಿಸಿಕೊಂಡು, ಮತ್ತೆ ಸುರುವಾದ ಯಂತ್ರದ ಕೆಳಗೆ ನಿಂತು, ಶೈಲಾಳಿಗೆ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು.

ಮತ್ತೆ ಕರಾಮ

ಮನೆಯ ಬಾಗಿಲಲ್ಲಿ ಮೂರು ಪಾತ್ರೆ ಗಂಜಿ, ನಾಲ್ಕು ಬಗೆಯ ಉಪ್ಪಿನಕಾಯಿ ಮತ್ತು ಖಾಲಿದಿಯಾದಿಂದ ಬಂದ ಜಯಂತಣ್ಣ ಕಾದಿದ್ದರು. ವಾರಿಜಳ ಮೂಗು ಚಳಿಗೆ ಕೆಂಪಾಗಿ ಸೋರುತ್ತಿದ್ದುದರಿಂದ ಜ್ವರವನ್ನೂ, ಡಾಕ್ಟರ ಹತ್ತಿರ ಹೋಗಿದ್ದೆವು ಎಂಬುದನ್ನೂ ಎಲ್ಲರೂ ನಂಬಿದರು. ಅವಳು ಇಡೀ ಪಾತ್ರೆ ಗಂಜಿ ಉಂಡದ್ದನ್ನು ಮಾತ್ರ ನಂಬಲು ಕಷ್ಟಪಟ್ಟರು. ಹೊರಡುವಾಗ ಜಯಂತಣ್ಣ ಒಂದು ಪಾರ್ಸೆಲು ಕೊಟ್ಟರು.

ಎಲ್ಲರೂ ಹೋದ ಮೇಲೆ ಅವಳು ಕಳಿಸಿದ್ದನ್ನು ಹಾಕಿ ಕೇಳಿದೆ. ಯಂತ್ರದ ಅಬ್ಬರ, ಡೋಲಿನ ಸಂಗೀತ, ಮಕ್ಕಳ ಕೂಗು. ನಡುವೆ ನನ್ನ ಹೆಂಡತಿಯ ಅರಚಾಟ: "ಶೈಲಾ, ಟೀಚರ್ ಮಾತಾಡುದು! ಈಗ ಹಿಮದ ಕೆಳಗೆ ನಿಂತಿದ್ದೇನೆ. ಶಬ್ದ ಇಲ್ಲ ಮಗಾ. ಶಬ್ದವೇ ಇಲ್ಲ!"

ಕೆಳಗೆ ಶೈಲಾಳ ಉತ್ತರ ಬಂದು ಕುಳಿತಿತ್ತು. ಹೊಲಿಗೆ ಮಿಷನ್ನಿನ ಸದ್ದು ನಿಂತಿತು, ಆಮೇಲೆ ಅವಳ ದನಿ. "ಕೇಳಿತು ಟೀಚರ್. ಮಿಷನ್ ನಿಲ್ಲಿಸಿ ಎರಡು ಸಲ ಕೇಳಿದೆ. ಹೌದು ಟೀಚರ್, ಶಬ್ದ ಇಲ್ಲ."

ವಾರಿಜ ಫೋನನ್ನು ಎಡಕಿವಿಗೆ ಒತ್ತಿ ಹಿಡಿದಳು, ದನಿ ಪೂರ್ತಿ ಏರಿಸಿದಳು, ಮತ್ತೊಮ್ಮೆ ಹಾಕಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಎಂತ ಹೇಳಿದಳು?"

ಐಸ್ ಪ್ಲಾಂಟಿನಲ್ಲಿ ಕೂಗುತ್ತಿದ್ದಷ್ಟೇ ಜೋರಾಗಿ, ಅವಳ ಎಡಗಡೆ ಕುಳಿತು, ಅದನ್ನು ಪೂರ್ತಿ ಹೇಳಿದೆ.